ಹಂತಿಯ ಎತ್ತುಗಳೂ ಆಕಾಶದ ಸುರುಳಿಗಳೂ

ಈ ತಿಂಗಳ ಬರಹವನ್ನು ನಾವು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ನವಲಗುಂದ ತಾಲೂಕಿನ ಒಂದು ಹಳ್ಳಿಯ ಮಠದಲ್ಲಿ ಮಹಾಶಿವರಾತ್ರಿಯ ಜಾಗರಣೆ ನಡೆದಿತ್ತು. ಭಜನೆ ಪ್ರವಚನಗಳು ಮುಗಿದು ರಾತ್ರಿಯ ಮೂರನೆಯ ಜಾವವೂ ಕಳೆದಿತ್ತು. ಅಷ್ಟರಲ್ಲಿ ವಿದ್ಯುದ್ದೀಪಗಳು ಆರಿ ಊರೆಲ್ಲ ಕತ್ತಲೆಯಾಯಿತು. ಎರೆಭೂಮಿಯ ಆ ಸೀಮೆಯಲ್ಲಿ ಗುಡ್ಡವಿಲ್ಲ, ಗಿಡಮರಗಳೂ ವಿರಳ. ತಲೆಯೆತ್ತಿದರೆ ಆಕಾಶವು ಒಂದು ದಿಗಂತದಿಂದ ಇನ್ನೊಂದು ದಿಗಂತದವರೆಗೆ ತಡೆಯಿಲ್ಲದೆ ತೆರೆದುಕೊಂಡಿರುತ್ತದೆ. ಆಗ್ನೇಯ ದಿಕ್ಕಿನಲ್ಲಿ ವೃಶ್ಚಿಕ ರಾಶಿಯು ಮೇಲೇರಿತ್ತು. ಅದರ ಬೆನ್ನಿಗೆ ಆಕಾಶಗಂಗೆಯ ಬೆಳ್ಳನೆಯ ಪಟ್ಟಿ ಹೊಲಗಳಂಚಿನಿಂದ ಎದ್ದು ಬಂದಿತ್ತು. ಭಕ್ತಾದಿಗಳಿಗೆ ನಿದ್ರೆ ಬಾರದಿರಲೆಂದು ನಾವು ಮಠದ ಕಟ್ಟೆಯ ಮೇಲೆ ನಿಂತು ಅದನ್ನೇ ವರ್ಣಿಸತೊಡಗಿದೆವು.

ಕೋಟ್ಯಂತರ ನಕ್ಷತ್ರಗಳ ಈ ಮಹಾಸಮೂಹಕ್ಕೆ ವಿಜ್ಞಾನಿಗಳು ಗೆಲಾಕ್ಸಿ ಎಂದು ಹೆಸರಿಟ್ಟಿದ್ದಾರೆ, ಇದು ಚಕ್ರಾಕಾರವಾಗಿ ತಿರುಗುತ್ತಿದೆ, ಇದಕ್ಕೆ ಸುರುಳಿಯಾದ ಬಾಹುಗಳಿವೆ ಎಂಬಲ್ಲಿಯವರೆಗೆ ನಮ್ಮ ಮಾತು ಸರಿಯಾಗಿಯೇ ಇತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಕ್ಷೇಮವಾಗುತ್ತಿತ್ತು. ಆದರೆ ಕೇಳುವವರು ಕಿವಿಗೊಟ್ಟು ಕುಳಿತಾಗ ಬಲ್ಲದ್ದರ ಜೊತೆಗೆ ಬಾರದ್ದನ್ನೂ ಸೇರಿಸಿ ಹೇಳುವುದು ನಮ್ಮಂಥ ಪಂಡಿತರಿಗೆ ಅಂಟಿದ ರೋಗ. ತೇರಿನ ಗಾಲಿಗೆ ಅರಗಳು ಬಿಗಿಯಾಗಿ ಕೂಡಿರುವಂತೆ ಆ ಬಾಹುಗಳು ಗೆಲಾಕ್ಸಿಯ ನಡುಭಾಗಕ್ಕೆ ಕೂಡಿಕೊಂಡು ಅದರೊಡನೆ ತಿರುಗುತ್ತಿವೆ ಎಂದೆವು. ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತು ಎಂದೂ ಸೇರಿಸಿದೆವು. ಆಗ ಹೆಣ್ಣುಮಕ್ಕಳ ಸಾಲಿನಿಂದ ಎಂಟನೆಯದೋ ಒಂಬತ್ತನೆಯದೋ ತರಗತಿಯ ಒಬ್ಬ ಬಾಲಿಕೆ ಎದ್ದು ನಿಂತಳು.

“ಅಜ್ಜಾರ, ನಮ್ಮ ಮುತ್ಯಾ ಹಂತಿ ಕಟ್ಟೂದನ್ನ ನಾ ನೋಡೀನ್ರಿ. ಹಗ್ಗಾ ಬಿಚ್ಚಿದ್ರ ಎತ್ತಿನ ಸಾಲು ಉಳಿಯೂದಿಲ್ಲ. ಚುಕ್ಕಿಗೆ ಹಗ್ಗಾ ಯಾರು ಕಟ್ಟ್ಯಾರ್ರೀ?”

ಜನ ನಕ್ಕರು. ನಮಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎನ್ನುವ ಬದಲು, “ದೊಡ್ಡವರು ಮಾತಾಡೂ ಮುಂದ ನಡುವ ಬಾಯಿ ಹಾಕಬಾರದು, ಕೂಡು ತಂಗಿ” ಎಂದೆವು. ಆಕೆ ಕುಳಿತಳು. ಮುಂದೆ ಬೆಳಗಿನವರೆಗೆ ಯಾರೂ ಏನನ್ನೂ ಕೇಳಲಿಲ್ಲ. ಅದನ್ನೇ ನಾವು ನಮ್ಮ ವಾಗ್ಮಿತೆಯ ಜಯವೆಂದು ತಿಳಿದು ಮರುದಿನ ಊರಿಗೆ ಮರಳಿದೆವು.

ಕೆಲವು ವರ್ಷಗಳ ತರುವಾಯ ಧಾರವಾಡದಲ್ಲಿ ಭೌತಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರ ಮನೆಯಲ್ಲಿ ಈ ಪ್ರಸಂಗವನ್ನು ವಿನೋದವೆಂಬಂತೆ ಹೇಳಿದೆವು. ಅವರು ನಗಲಿಲ್ಲ. ಆ ಹುಡುಗಿ ಕೇಳಿದ ಪ್ರಶ್ನೆಯೇ ಖಗೋಲಶಾಸ್ತ್ರಜ್ಞರನ್ನು ಹಲವು ದಶಕಗಳ ಕಾಲ ಕಾಡಿದ ಪ್ರಶ್ನೆಯೆಂದು ಹೇಳಿ ಎರಡು ಪುಸ್ತಕಗಳನ್ನು ನಮ್ಮ ಕೈಗಿತ್ತರು. ಅವುಗಳಿಂದಲೂ ಮುಂದಿನ ಓದಿನಿಂದಲೂ ನಮಗೆ ದಕ್ಕಿದ್ದನ್ನು ಇಲ್ಲಿ ನಿವೇದಿಸುತ್ತೇವೆ.

ಹಂತಿಯನ್ನು ಕಾಣದ ಇಂದಿನ ಮಕ್ಕಳಿಗಾಗಿ ಎರಡು ಮಾತು. ರಾಶಿಯ ಯಂತ್ರಗಳು ಬರುವ ಮೊದಲು ಜೋಳದ ತೆನೆಗಳನ್ನು ಕಣದಲ್ಲಿ ಹರವಿ, ನಡುವೆ ಮೇಟಿಯನ್ನು ನಿಲ್ಲಿಸಿ, ನಾಲ್ಕಾರು ಎತ್ತುಗಳನ್ನು ಕೊರಳಿಗೆ ಕೊರಳು ಸೇರಿಸಿ ಒಂದೇ ಸಾಲಾಗಿ ಕಟ್ಟಿ, ಆ ಸಾಲನ್ನು ಮೇಟಿಯ ಸುತ್ತ ತಿರುಗಿಸುತ್ತಿದ್ದರು. ಮೇಟಿಯ ಬದಿಯ ಎತ್ತು ನಿಂತಲ್ಲಿಯೇ ಹೆಜ್ಜೆ ಹಾಕಿದಂತೆ ತಿರುಗಿದರೆ ಸಾಕು. ಹೊರಗಿನ ಎತ್ತು ದೊಡ್ಡ ಸುತ್ತನ್ನು ಅಷ್ಟೇ ಹೊತ್ತಿನಲ್ಲಿ ಮುಗಿಸಬೇಕಾದ್ದರಿಂದ ಬಿರುಸಾಗಿ ನಡೆಯಬೇಕು. ಅದಕ್ಕೆಂದೇ ಒಳಗೆ ಮುದಿ ಎತ್ತನ್ನೂ ಹೊರಗೆ ಚುರುಕಿನ ಹೋರಿಯನ್ನೂ ಕಟ್ಟುತ್ತಿದ್ದರು. ಸಾಲು ನೇರವಾಗಿ ಉಳಿಯುತ್ತಿದ್ದುದು ಹಗ್ಗದ ದೆಸೆಯಿಂದ.

ಈಗ ಹಗ್ಗ ಬಿಚ್ಚಿರಿ. ಎಲ್ಲ ಎತ್ತುಗಳೂ ಒಂದೇ ವೇಗದಲ್ಲಿ ತಮ್ಮ ತಮ್ಮ ಸುತ್ತನ್ನು ನಡೆಯಲಿ. ಒಳಗಿನದು ಬೇಗ ಮುಂದಾಗುತ್ತದೆ, ಹೊರಗಿನದು ಹಿಂದುಳಿಯುತ್ತದೆ. ನೇರವಾಗಿದ್ದ ಸಾಲು ಬಾಗುತ್ತದೆ, ಬಾಗಿ ಸುರುಳಿಯಾಗುತ್ತದೆ. ಇನ್ನಷ್ಟು ಹೊತ್ತು ನಡೆದರೆ ಆ ಸುರುಳಿಯು ಒಂದರೊಳಗೊಂದು ಸುತ್ತಿಕೊಂಡು ಸಾಲೆಂಬುದೇ ಉಳಿಯುವುದಿಲ್ಲ.

ಗೆಲಾಕ್ಸಿಯ ನಕ್ಷತ್ರಗಳು ನಡೆಯುವುದು ಹೆಚ್ಚುಕಡಿಮೆ ಹೀಗೆಯೇ, ಹಗ್ಗ ಬಿಚ್ಚಿದ ಎತ್ತುಗಳಂತೆ. 1970ರಲ್ಲಿ ಅಮೆರಿಕದ ವೆರಾ ರೂಬಿನ್ ಎಂಬ ವಿದುಷಿಯೂ ಕೆಂಟ್ ಫೋರ್ಡ್ ಎಂಬವರೂ ನಮ್ಮ ನೆರೆಯ ದೇವಯಾನಿ ಗೆಲಾಕ್ಸಿಯ ವೇಗಗಳನ್ನು ಅಳೆದು ಪ್ರಕಟಿಸಿದರು. ಕೇಂದ್ರದಿಂದ ಬಹುದೂರ ಹೋದರೂ ವೇಗ ತಗ್ಗದೆ ಸರಿಸುಮಾರು ಒಂದೇ ಆಗಿತ್ತು. ಕಾಣುವ ನಕ್ಷತ್ರಗಳ ಸೆಳೆತದಿಂದ ಮಾತ್ರ ಇದು ಸಾಧ್ಯವಿಲ್ಲವೆಂದೂ, ಕಣ್ಣಿಗೆ ಕಾಣದ ಕಪ್ಪುದ್ರವ್ಯವು ಗೆಲಾಕ್ಸಿಗಳನ್ನು ಸುತ್ತುವರಿದಿದೆಯೆಂದೂ ಮುಂದೆ ಬಹುಮಂದಿ ಒಪ್ಪಿದರು. ಈ ಕಪ್ಪುದ್ರವ್ಯವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಬೆಂಗಳೂರಿನ ಮಾತು ಬಂದಾಗ ಅದು ಮತ್ತೆ ಬರುತ್ತದೆ.

ಲೆಕ್ಕವನ್ನೂ ನೋಡೋಣ. ನಮ್ಮ ಸೂರ್ಯನು ಆಕಾಶಗಂಗೆಯ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿದ್ದು, ಒಂದು ಪ್ರದಕ್ಷಿಣೆಗೆ 22ರಿಂದ 25 ಕೋಟಿ ವರ್ಷಗಳನ್ನು ತೆಗೆದುಕೊಳ್ಳುತ್ತಾನೆ. ಅವನ ವಯಸ್ಸು ಸುಮಾರು 460 ಕೋಟಿ ವರ್ಷ. ಎಂದರೆ ಹುಟ್ಟಿದಂದಿನಿಂದ ಇಪ್ಪತ್ತರಷ್ಟು ಸುತ್ತು ಮುಗಿಸಿದ್ದಾನೆ. ಅರ್ಧ ದೂರದಲ್ಲಿರುವ ನಕ್ಷತ್ರ ಅದೇ ಅವಧಿಯಲ್ಲಿ ನಲವತ್ತು ಸುತ್ತಿದೆ. ಬಾಹುಗಳು ನಿಜವಾಗಿ ನಕ್ಷತ್ರಗಳ ಸ್ಥಿರವಾದ ಸಾಲುಗಳೇ ಆಗಿದ್ದರೆ ಈ ಎರಡರ ನಡುವೆ ಇಪ್ಪತ್ತು ಸುತ್ತಿನ ಬಿಗಿ ಬಿದ್ದಿರಬೇಕಿತ್ತು. ಆದರೆ 1845ರಲ್ಲಿ ಐರ್ಲೆಂಡಿನ ರಾಸ್ ಪ್ರಭು ತನ್ನ ಆರು ಅಡಿ ದರ್ಪಣದ ದೂರದರ್ಶಕದಿಂದ ಎಂ 51 ಎಂಬ ಕಾಯದಲ್ಲಿ ಮೊಟ್ಟಮೊದಲು ಸುರುಳಿಯನ್ನು ಕಂಡು ಚಿತ್ರ ಬರೆದಂದಿನಿಂದ ಇಂದಿನವರೆಗೆ ಕಂಡ ಸುರುಳಿಗಳಲ್ಲಿ ಹೆಚ್ಚಿನವು ಒಂದೆರಡು ಸುತ್ತಿನವೇ. ಬಾಲಿಕೆಯು ಕೇಳಿದ್ದು ಇದನ್ನೇ. ಹಗ್ಗವಿಲ್ಲದೆ ಸಾಲು ಹೇಗೆ ಉಳಿಯಿತು?

ಉತ್ತರದ ಬೀಜವನ್ನು ಸ್ವೀಡನ್ನಿನ ಬರ್ಟಿಲ್ ಲಿಂಡ್‌ಬ್ಲಾಡ್ ಬಿತ್ತಿದರು, ಸಿ. ಸಿ. ಲಿನ್ ಮತ್ತು ಫ್ರಾಂಕ್ ಶೂ 1964ರಲ್ಲಿ ಅದನ್ನು ಗಣಿತದ ರೂಪಕ್ಕೆ ತಂದರು. ನವಲಗುಂದದಿಂದ ಅಣ್ಣಿಗೇರಿಗೆ ಹೋಗುವ ದಾರಿಯಲ್ಲಿ ಕುರಿಹಿಂಡು ಅಡ್ಡಬಂದುದನ್ನು ನೀವೆಲ್ಲ ಕಂಡಿರುತ್ತೀರಿ. ಹಿಂಡು ನಿಧಾನವಾಗಿ ಮುಂದೆ ಸಾಗುತ್ತದೆ. ಅದರ ಬೆನ್ನಿಗೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳು ಒತ್ತೊತ್ತಾಗಿ ಸೇರುತ್ತವೆ. ಮುಂದಿನ ಬಸ್ಸು ಸಂದು ಸಿಕ್ಕಿ ದಾಟಿಹೋದರೆ ಹಿಂದಿನಿಂದ ಮತ್ತೊಂದು ಬಂದು ಕೂಡುತ್ತದೆ. ಗಳಿಗೆ ಬಿಟ್ಟು ನೋಡಿದರೆ ಸಂದಣಿ ಹಾಗೆಯೇ ಇರುತ್ತದೆ, ಅದರೊಳಗಿನ ವಾಹನಗಳು ಮಾತ್ರ ಬೇರೆ. ಸಂದಣಿಯು ಸಾಗುವುದು ಕುರಿಗಳ ವೇಗದಲ್ಲಿ, ಬಸ್ಸಿನ ವೇಗದಲ್ಲಲ್ಲ. ಗೆಲಾಕ್ಸಿಯ ಬಾಹುವೂ ಇಂಥ ಒಂದು ಸಂದಣಿ; ವಿಜ್ಞಾನಿಗಳು ಇದನ್ನು ಸಾಂದ್ರತೆಯ ಅಲೆ ಎನ್ನುತ್ತಾರೆ. ಅಲ್ಲಿ ಕುರಿಹಿಂಡಿನ ಕೆಲಸವನ್ನು ಸಂದಣಿಯ ಗುರುತ್ವಾಕರ್ಷಣೆಯೇ ಮಾಡುತ್ತದೆ. ನಕ್ಷತ್ರಗಳು ಅದರೊಳಗೆ ಬರುತ್ತವೆ, ಕೆಲಕಾಲ ತಡೆದು, ದಾಟಿ ಹೋಗುತ್ತವೆ. ಅನಿಲವು ಅಲ್ಲಿ ಒತ್ತರಿಸಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ಅತಿ ಪ್ರಖರವಾದ ನೀಲಿ ನಕ್ಷತ್ರಗಳು ಅಲ್ಪಾಯುಗಳು. ಬಾಹುವನ್ನು ದಾಟಿ ದೂರ ಹೋಗುವ ಮೊದಲೇ ಅವುಗಳ ಬದುಕು ಮುಗಿಯುತ್ತದೆ. ಆದಕಾರಣ ಬಾಹುವು ಸದಾ ಬೆಳಗುತ್ತಿರುವಂತೆ ನಮಗೆ ತೋರುತ್ತದೆ.

ಇಷ್ಟಾದರೆ ಎಲ್ಲವೂ ಬಗೆಹರಿಯಿತೆಂದು ನಾವೂ ಬಗೆದಿದ್ದೆವು. ಆದರೆ ನಿಯಮಕ್ಕೆ ಒಗ್ಗದ ಕೆಲವು ಗೆಲಾಕ್ಸಿಗಳಿವೆ.

ಹಗ್ಗ ಬಿಚ್ಚಿದ ಹಂತಿಯಲ್ಲಿ ಹೊರಗಿನ ಎತ್ತು ಹಿಂದುಳಿಯುವಂತೆ, ಸುರುಳಿ ಬಾಹುಗಳ ತುದಿಗಳು ತಿರುಗುವ ದಿಕ್ಕಿಗೆ ಹಿಂದಾಗಿ ಬಾಗಿರುತ್ತವೆ. ಗಿರಗಿರನೆ ತಿರುಗುವ ಮಗುವಿನ ಲಂಗದ ಅಂಚು ಹಿಂದಕ್ಕೆ ಹಾರುವುದಿಲ್ಲವೇ, ಹಾಗೆ. ಕಿನ್ನರ ನಕ್ಷತ್ರರಾಶಿಯಲ್ಲಿ ಸುಮಾರು 11 ಕೋಟಿ ಜ್ಯೋತಿರ್ವರ್ಷಗಳಾಚೆ ಎನ್‌ಜಿಸಿ 4622 ಎಂಬ ಗೆಲಾಕ್ಸಿಯಿದೆ. ಅದರಲ್ಲಿ ಹೊರಗೆ ಎರಡು ಬಾಹುಗಳು ಒಂದು ದಿಕ್ಕಿಗೂ ಒಳಗೆ ಒಂದೇ ಬಾಹು ವಿರುದ್ಧ ದಿಕ್ಕಿಗೂ ಸುತ್ತಿಕೊಂಡಿವೆ. ಹಾಗಿದ್ದ ಮೇಲೆ ಗೆಲಾಕ್ಸಿ ಯಾವ ಕಡೆಗೆ ತಿರುಗಿದರೂ ಯಾವುದೋ ಒಂದು ಬಾಹುವಿನ ತುದಿ ಮುಂದಾಗಿರಲೇಬೇಕು. ಅಲಬಾಮಾ ವಿಶ್ವವಿದ್ಯಾಲಯದ ರೊನಾಲ್ಡ್ ಬ್ಯೂಟಾ, ಜೀನ್ ಬರ್ಡ್ ಮೊದಲಾದವರು 1990ರ ಆಸುಪಾಸಿನಲ್ಲಿ ಇದನ್ನು ಕೈಗೆತ್ತಿಕೊಂಡು, ಮುಂದಾಗಿರುವುದು ಒಳಗಿನ ಒಂಟಿ ಬಾಹುವಾಗಿರಬೇಕೆಂದು ಎಣಿಸಿದರು. ಎಣಿಕೆ ಸಹಜವಾಗಿಯೇ ಇತ್ತು. 2001ರಲ್ಲಿ ಹಬಲ್ ದೂರದರ್ಶಕದಿಂದ ಅದನ್ನು ಮತ್ತೆ ನೋಡಿದರು. ಕೇಂದ್ರದ ಬೆಳಕಿನ ಮುಂದೆ ಧೂಳಿನ ಕಪ್ಪುಗೆರೆಗಳು ಯಾವ ಪಕ್ಕದಲ್ಲಿ ಎದ್ದು ಕಾಣುತ್ತವೆಯೋ ಆ ಪಕ್ಕ ನಮಗೆ ಹತ್ತಿರ. ಇದನ್ನು ವೇಗದ ಅಳತೆಗಳೊಡನೆ ಕೂಡಿಸಿದರೆ ತಿರುಗುವ ದಿಕ್ಕು ನಿಶ್ಚಯವಾಗುತ್ತದೆ. ನಿಶ್ಚಯವಾಯಿತು, ಆದರೆ ಅವರೆಣಿಸಿದ್ದಕ್ಕೆ ತದ್ವಿರುದ್ಧವಾಗಿ! ಮುಂದಾಗಿದ್ದವು ಹೊರಗಿನ ಎರಡು ದೊಡ್ಡ ಬಾಹುಗಳೇ.

2002ರ ಜನವರಿಯಲ್ಲಿ ಅವರು ಇದನ್ನು ವಿದ್ವತ್‌ಸಭೆಯ ಮುಂದಿಟ್ಟರು. ಸಹೋದ್ಯೋಗಿಗಳಲ್ಲಿ ಅನೇಕರು ನಂಬಲಿಲ್ಲ, ಹಾಸ್ಯ ಮಾಡಿದವರೂ ಇದ್ದರು. ಹತ್ತಾರು ವರ್ಷ ತಾವು ನೆಚ್ಚಿದ್ದ ಎಣಿಕೆ ತಪ್ಪೆಂದು ತಾವೇ ತೋರಿಸಿಕೊಟ್ಟು, ಅದರ ಮೇಲೆ ನಗೆಯನ್ನೂ ಸಹಿಸಿ, ಅವರು ಮತ್ತೆ ಬೇರೆ ವಿಧಾನಗಳಿಂದ ಪರೀಕ್ಷಿಸಿ 2008ರಲ್ಲಿ ಅದೇ ನಿರ್ಣಯವನ್ನು ದೃಢಪಡಿಸಿದರು. ಹಿಂದೊಮ್ಮೆ ಆ ಗೆಲಾಕ್ಸಿಯು ಸಣ್ಣ ಸಂಗಾತಿಯೊಂದನ್ನು ನುಂಗಿರಬೇಕು, ಆ ಕಲಕಾಟದಿಂದ ಈ ವೈಪರೀತ್ಯ ಬಂದಿರಬೇಕು ಎಂಬುದು ಅವರ ಅಭಿಪ್ರಾಯ. ಶಿವರಾತ್ರಿಯ ಆ ನಸುಕಿನಲ್ಲಿ ನಾವು ಆಗ್ನೇಯಕ್ಕೆ ಮುಖಮಾಡಿ ಆಕಾಶಗಂಗೆಯನ್ನು ವರ್ಣಿಸುತ್ತಿದ್ದಾಗ ನಮ್ಮ ಬಲಭಾಗದ ದಕ್ಷಿಣಾಕಾಶದಲ್ಲಿ ಇದೇ ಕಿನ್ನರ ರಾಶಿಯಿತ್ತು. ಬರಿಗಣ್ಣಿಗೆ ಆ ಗೆಲಾಕ್ಸಿ ಕಾಣುವುದಿಲ್ಲ, ನಿಜ. ಕಂಡಿದ್ದರೂ ನಾವು ಅತ್ತ ನೋಡುವವರಾಗಿರಲಿಲ್ಲ.

ಇನ್ನು ಬೆಂಗಳೂರಿನ ಮಾತು. ಕೆಲವು ಗೆಲಾಕ್ಸಿಗಳು ಅತ್ಯಂತ ಮಂದ ಪ್ರಕಾಶದವು. ಅವುಗಳಲ್ಲಿ ಅನಿಲ ಸಾಕಷ್ಟಿದ್ದರೂ ಹೊಸ ನಕ್ಷತ್ರಗಳು ಹುಟ್ಟುವುದು ಕಡಿಮೆ. ಬಾಹುಗಳು ಇಲ್ಲವೆಂಬಷ್ಟು ಕ್ಷೀಣ. ಏಕೆ? ಭಾರತೀಯ ವಿಜ್ಞಾನ ಸಂಸ್ಥೆಯ ಚಂದಾ ಜೋಗ್ ಅವರು ದೀರ್ಘಕಾಲ ಗೆಲಾಕ್ಸಿಗಳ ಸುರುಳಿಗಳನ್ನೂ ಒಂದು ಬದಿಗೆ ವಾಲಿದ ಗೆಲಾಕ್ಸಿಗಳನ್ನೂ ಅಭ್ಯಸಿಸಿದ ವಿದುಷಿ. 1984ರಷ್ಟು ಹಿಂದೆಯೇ ಅವರು ಸಾಲೊಮನ್ ಎಂಬ ವಿಜ್ಞಾನಿಯೊಡನೆ, ನಕ್ಷತ್ರಗಳನ್ನೂ ಅನಿಲವನ್ನೂ ಬೇರೆ ಬೇರೆಯಾಗಿ ಎಣಿಸದೆ ಕೂಡಿಸಿ ಲೆಕ್ಕ ಹಾಕಬೇಕೆಂದು ತೋರಿಸಿದ್ದರು; ತೂಕದಲ್ಲಿ ಅನಿಲ ಸ್ವಲ್ಪವೇ ಆದರೂ ಅದು ಸುಲಭವಾಗಿ ಒಟ್ಟುಗೂಡುವುದರಿಂದ ಅದರ ಪ್ರಭಾವ ದೊಡ್ಡದು. 2014ರಲ್ಲಿ ಸೌಮಾವೊ ಘೋಷ್ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ ಅವರು ಮಂದ ಗೆಲಾಕ್ಸಿಗಳ ಕಾರಣವನ್ನು ವಿವರಿಸಿದರು. ಸಾಮಾನ್ಯ ಗೆಲಾಕ್ಸಿಯಲ್ಲಿ ಕಪ್ಪುದ್ರವ್ಯದ ಮೇಲುಗೈ ಇರುವುದು ಹೊರಭಾಗದಲ್ಲಿ. ಮಂದ ಗೆಲಾಕ್ಸಿಯಲ್ಲಾದರೋ ಒಳಭಾಗದಿಂದಲೇ ಅದರ ಪ್ರಾಬಲ್ಯ. ನಕ್ಷತ್ರಗಳ ತಟ್ಟೆಗೆ ತನ್ನದೇ ಆದ ಸೆಳೆತ ಸಾಲದೆ ಹೋಗುತ್ತದೆ, ಆದ್ದರಿಂದ ಸಂದಣಿ ಕಟ್ಟುವುದಿಲ್ಲ. ಗೆಲಾಕ್ಸಿಗಳನ್ನು ಸುತ್ತುವರಿದು ಹಿಡಿದಿರುವ ಕಪ್ಪುದ್ರವ್ಯವೇ ಇಲ್ಲಿ ಬಾಹುಗಳು ಏಳದಂತೆ ಅದುಮುತ್ತದೆ. ನಮ್ಮ ನಾಡಿನ ಸಂಸ್ಥೆಯೊಂದರಲ್ಲಿ ಕುಳಿತು ಒಬ್ಬ ಹೆಣ್ಣುಮಗಳು ಇದನ್ನು ಬಿಡಿಸಿದಳೆಂಬುದನ್ನು ಓದಿದಾಗ ನಮಗೆ ಆ ಶಿವರಾತ್ರಿಯ ಬಾಲಿಕೆಯ ಮುಖ ನೆನಪಾಯಿತು. ಆ ರಾತ್ರಿ ನಿದ್ರೆ ಚೆನ್ನಾಗಿ ಹತ್ತಲಿಲ್ಲ.

ಇಲ್ಲಿಯೂ ಒಂದು ತೊಡಕು ಉಳಿದಿದೆ. 1986ರಲ್ಲಿ ಆಕಸ್ಮಿಕವಾಗಿ ಕಂಡುಬಂದ ಮಾಲಿನ್ 1 ಎಂಬುದು ಮಂದ ಗೆಲಾಕ್ಸಿಗಳಲ್ಲೆಲ್ಲ ದೈತ್ಯ. ದೂರ ಸುಮಾರು 120 ಕೋಟಿ ಜ್ಯೋತಿರ್ವರ್ಷ, ಅಡ್ಡಳತೆ ಆರು ಲಕ್ಷ ಜ್ಯೋತಿರ್ವರ್ಷಗಳಿಗೂ ಹೆಚ್ಚು. ಎಂದರೆ ನಮ್ಮ ಆಕಾಶಗಂಗೆಯ ಹಲವು ಪಟ್ಟು. 2015ರಲ್ಲಿ ಚಿಲಿ ದೇಶದ ಗಾಸ್ಪರ್ ಗಲಾಜ್ ಮತ್ತು ಸಂಗಡಿಗರು ದೊಡ್ಡ ದೂರದರ್ಶಕದಿಂದ ದೀರ್ಘಕಾಲ ಬೆಳಕು ಸಂಗ್ರಹಿಸಿ ಅದರ ಚಿತ್ರ ತೆಗೆದಾಗ, ಅಷ್ಟು ಮಂದವಾದ ತಟ್ಟೆಯಲ್ಲಿ ಉದ್ದುದ್ದನೆಯ ಸುರುಳಿ ಬಾಹುಗಳು ಸ್ಪಷ್ಟವಾಗಿ ಮೂಡಿಬಂದವು.

ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಜಯದೀಪ್ ಬಾಗ್ಚಿ ಮತ್ತು ಸಂಗಡಿಗರು 2025ರಲ್ಲಿ ವರ್ಣಿಸಿದ ಇನ್ನೊಂದು ಸುರುಳಿ ಗೆಲಾಕ್ಸಿ ನೂರು ಕೋಟಿ ಜ್ಯೋತಿರ್ವರ್ಷಗಳ ಸಮೀಪದಲ್ಲಿದೆ. ಅದರ ನಡುವಿನ ಮಹಾ ಕಪ್ಪುಕುಳಿಯಿಂದ ಹೊಮ್ಮುವ ಧಾರೆಗಳು ಅರವತ್ತು ಲಕ್ಷ ಜ್ಯೋತಿರ್ವರ್ಷಗಳಷ್ಟು ಚಾಚಿವೆ. ಅಂಥ ಉಗ್ರ ಧಾರೆಗಳಿರುವಲ್ಲಿ ಕೋಮಲವಾದ ಸುರುಳಿ ಉಳಿಯಲಾರದೆಂಬ ನಂಬಿಕೆಯಿತ್ತು. ಅಲ್ಲಿ ಬಾಹುಗಳು ಏನೂ ನಡೆದಿಲ್ಲವೆಂಬಂತೆ ಅಚ್ಚುಕಟ್ಟಾಗಿವೆ. ಅದೇ 2025ರ ನವೆಂಬರಿನಲ್ಲಿ ಪುಣೆಯ ರೇಡಿಯೋ ಖಗೋಲ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ಅವರ ಶೋಧದ ವಾರ್ತೆ ಬಂದಿತು. ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ ಅವರು ಕಂಡ ಗೆಲಾಕ್ಸಿಗೆ ಅಲಕನಂದಾ ಎಂದು ಹೆಸರಿಟ್ಟಿದ್ದಾರೆ. ಅದರ ಬೆಳಕು ನಮ್ಮನ್ನು ಸೇರಲು ಸುಮಾರು 1200 ಕೋಟಿ ವರ್ಷ ಹಿಡಿದಿದೆ. ಆ ಬೆಳಕು ಹೊರಟಾಗ ವಿಶ್ವಕ್ಕೆ ಬರೀ 150 ಕೋಟಿ ವರ್ಷ. ಆ ಎಳವೆಯಲ್ಲಿ ಎಲ್ಲವೂ ಕದಡಿದಂತೆ, ಗೊಂದಲವಾಗಿ ಇರಬೇಕೆಂಬುದು ಹಿಂದಿನ ತಿಳಿವಳಿಕೆ. ಅಲಕನಂದೆಯಲ್ಲಿ ಎರಡು ಸುಂದರ ಬಾಹುಗಳು ಆಗಲೇ ನೆಲೆಗೊಂಡಿವೆ.

ಈ ವರ್ಷ ಕಾರ್ಯನಿಮಿತ್ತವಾಗಿ ನಾವು ಕಲಘಟಗಿಯ ಕಡೆಗೆ ಹೋಗಿದ್ದೆವು. ಭಕ್ತರ ಮನೆಯೊಂದರಲ್ಲಿ ಪ್ರಸಾದಕ್ಕೆ ಕುಳಿತಾಗ ರೊಟ್ಟಿ ಬಡಿಸಲು ಬಂದ ಸೊಸೆ ನಮ್ಮನ್ನು ದಿಟ್ಟಿಸಿ ನೋಡಿ, “ಅಜ್ಜಾರ, ನನ್ನ ಗುರ್ತಾ ಸಿಗಲಿಲ್ಲೇನ್ರಿ?” ಎಂದಳು. ನಮಗೆ ಸಿಗಲಿಲ್ಲ. ತವರೂರಿನ ಹೆಸರು ಹೇಳಿದಳು. ಹೊರಗಿನ ಪಡಸಾಲೆಯಲ್ಲಿ ಬಣ್ಣದ ತೊಟ್ಟಿಲು ತೂಗುತ್ತಿತ್ತು. ಅದರಲ್ಲಿ ಆಕೆಯ ಕೂಸು. ಹತ್ತನೆಯ ತರಗತಿಯ ನಂತರ ಓದು ಮುಂದುವರಿಯಲಿಲ್ಲವೆಂದಳು. ನಾವು ಅಂದು ಗದರಿಸಿದ್ದಕ್ಕೂ ಅದಕ್ಕೂ ಸಂಬಂಧವಿರಲಿಕ್ಕಿಲ್ಲ. ಇರಲಿಕ್ಕಿಲ್ಲ ಎಂದು ನಮಗೆ ನಾವೇ ಹೇಳಿಕೊಂಡೆವು.

ಕೈ ತೊಳೆದ ಮೇಲೆ ಆಕೆಯನ್ನು ಕರೆದು, ಆ ದಿನ ನಮಗೆ ಉತ್ತರ ತಿಳಿದಿರಲಿಲ್ಲವೆಂದೂ, ತಿಳಿಯದ್ದನ್ನು ಮುಚ್ಚಲು ಗದರಿಸಿದೆವೆಂದೂ ಮನೆಯವರೆಲ್ಲರ ಎದುರಿನಲ್ಲಿಯೇ ಹೇಳಿದೆವು. ಆಕೆ ನಾಚಿ ಸೆರಗು ಸರಿಪಡಿಸಿಕೊಂಡಳು. ಒಂದು ಹಿಡಿ ಜೋಳ ತರಿಸಿ ನೆಲದ ಮೇಲೆ ಕಾಳುಗಳನ್ನು ಸಾಲಾಗಿ ಇಟ್ಟು, ಹಗ್ಗವಿಲ್ಲದ ಹಂತಿಯನ್ನು ತೋರಿಸಿದೆವು. ಕುರಿಹಿಂಡಿನ ಹಿಂದಿನ ಸಂದಣಿಯನ್ನು ಹೇಳಿದೆವು. ಆಕೆಯ ಮಾವನವರೂ ಬಾಗಿ ನೋಡತೊಡಗಿದರು. ಎಲ್ಲವನ್ನೂ ಕೇಳಿದ ಮೇಲೆ ಆಕೆ ಸ್ವಲ್ಪ ಹೊತ್ತು ಕಾಳುಗಳನ್ನೇ ನೋಡುತ್ತಿದ್ದು, “ದಾರ್ಯಾಗ ಕುರಿ ಬಂದಿದ್ದಕ್ಕ ಗಾಡಿ ತಡದ್ವು, ಖರೇ. ಮ್ಯಾಲ ಆಕಾಶದಾಗ ಮೊದಲನೇ ಸಂದಣಿ ಹೆಂಗ ಕೂಡಿತ್ರೀ?” ಎಂದಳು.

ಈ ಸಲ ನಾವು ಅವಸರಪಡಲಿಲ್ಲ. ಎಂ 51ರ ಪಕ್ಕದಲ್ಲಿರುವಂತೆ ಸಂಗಾತಿ ಗೆಲಾಕ್ಸಿಯೊಂದು ಹಾಯ್ದು ಹೋಗುವಾಗ ಎಳೆದು ಎಬ್ಬಿಸಬಹುದು. ಕೆಲವದರಲ್ಲಿ ನಡುವೆ ದಂಡದಂತೆ ನಿಂತ ನಕ್ಷತ್ರರಾಶಿ ಕಲಕಬಹುದು. ತಟ್ಟೆಯಲ್ಲಿ ತಾನಾಗಿ ಕೂಡಿದ ಚಿಕ್ಕ ಗುಂಪೇ ಬೆಳೆಯಬಹುದು. ಒಮ್ಮೆ ಎದ್ದ ಅಲೆ ಬಹುಕಾಲ ನಿಲ್ಲುತ್ತದೆಯೋ, ಅಳಿದು ಮತ್ತೆ ಮತ್ತೆ ಹೊಸದಾಗಿ ಏಳುತ್ತದೆಯೋ ಎಂಬುದರಲ್ಲಿ ಬಲ್ಲವರಲ್ಲಿಯೇ ಒಮ್ಮತವಿಲ್ಲ. ಇಷ್ಟನ್ನು ಹೇಳಿ, “ಇದರ ಮುಂದಿಂದು ನಮಗ ಗೊತ್ತಿಲ್ಲವ್ವಾ” ಎಂದೆವು.

“ಗೊತ್ತಾದ್ರ ಪತ್ರಾ ಬರೀರಿ” ಎಂದಳು. ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು. ಆಕೆ ಜೋಳದ ಕಾಳುಗಳನ್ನು ಮರಕ್ಕೆ ಬಳಿದುಕೊಂಡು ಪಡಸಾಲೆಗೆ ಹೋದಳು. ನಾವು ಕೈಪುಸ್ತಕ ತೆಗೆದು ಆ ಮನೆಯ ವಿಳಾಸವನ್ನು ಬರೆದುಕೊಂಡೆವು.